ದಿನಕ್ಕೆ ಇಪ್ಪತ್ತು ಪುಟ, ಒಂದು ಬಾಟಲಿ ಎಣ್ಣೆ

ಈಗೀಗ ನಾನು ಬಾಣಲೆಗೆ ಎಣ್ಣೆ ಸುರಿಯುವ ಮುಂಚೆ ಬಾಟಲಿಯ ಮೇಲೆ ಬರೆದದ್ದನ್ನೆಲ್ಲ ಓದುತ್ತೇನೆ. ಅದನ್ನು ಅಂಗಡಿಯಿಂದ ತಂದವಳು ನಾನೇ, ಮುಚ್ಚಳ ಒಡೆದವಳೂ ನಾನೇ, ನಿನ್ನೆಯೂ ಓದಿದ್ದೇನೆ. ಆದರೂ ಓದುತ್ತೇನೆ. ಆಮೇಲೆ ಮುಚ್ಚಳ ತೆಗೆದು ಮೂಸುತ್ತೇನೆ. ಶೇಂಗಾದ ವಾಸನೆಯೇ ಬಂದರೆ ಉಸಿರು ಬಿಟ್ಟು ಬಾಣಲೆಗೆ ಸುರಿಯುತ್ತೇನೆ. ನಮ್ಮ ಮನೆಯವರು ಇದಕ್ಕೆ ಎಣ್ಣೆ ಪೂಜೆ ಎಂದು ಹೆಸರಿಟ್ಟಿದ್ದಾರೆ. ಆ ದಿನ ದೇಶನೂರಿನ ಅಡುಗೆಮನೆಯಲ್ಲಿ ನೀವೂ ನನ್ನ ಪಕ್ಕ ಕೂತಿದ್ದರೆ ಈ ಪೂಜೆಗೆ ಗಂಟೆ ಬಾರಿಸುತ್ತಿದ್ದಿರಿ.

ಆದರೆ ಇದು ಎಣ್ಣೆಯ ಕಥೆಯಲ್ಲ, ಓದಿನದು.

ಬಳ್ಳಾರಿಯಲ್ಲಿರುವ ನನ್ನ ಅಣ್ಣ ಪಂಪಣ್ಣ, ಮಗಳು ಸಾನ್ವಿಯನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸತೊಡಗಿದ. ಶಾಲೆಗಳು ಮಕ್ಕಳನ್ನು ಯಂತ್ರ ಮಾಡುತ್ತವೆ ಎಂಬುದು ಅವನ ದೂರು. ಯಂತ್ರ ಮನೆಯಲ್ಲೇ ತಯಾರಾದರೆ ಗಟ್ಟಿಮುಟ್ಟಾಗಿರುತ್ತದೆ ಎಂದು ನನಗನ್ನಿಸಿತು. ಅನ್ನಲಿಲ್ಲ, ಅವನು ಅಣ್ಣ.

ಗಣಿತಕ್ಕೆ, ಚಿತ್ರಕ್ಕೆ ಬೇಗ ಒಂದು ವ್ಯವಸ್ಥೆಯಾಯಿತು. ಜಗಳ ಹತ್ತಿದ್ದು, ಎಂಟು ವರ್ಷದ ಕೂಸಿಗೆ ದಿನಕ್ಕೆ ಎಷ್ಟು ಓದಿಸಬೇಕು ಎಂಬುದಕ್ಕೆ. ಅತ್ತಿಗೆ ಇಪ್ಪತ್ತು ನಿಮಿಷ ಸಾಕೆಂದಳು. ನಿಮಿಷಗಳಿಗೆ ಮೋಸ ಮಾಡಬಹುದು, ಪುಟಗಳಿಗೆ ಮಾಡಲಾಗದು ಎಂದು ಅಣ್ಣ ಇಪ್ಪತ್ತು ಪುಟ ಎಂದ. ಮೋಸದ ವಿಷಯದಲ್ಲಿ ಅವನಿಗಿದ್ದ ಅನುಭವ ಅಷ್ಟೇ, ಪಾಪ.

"ಹಸಿವಿದ್ದಷ್ಟು ಉಣ್ಣೋ ಕೂಸಿಗೆ ತಕ್ಕಡ್ಯಾಗ ತೂಗಿ ನೀಡ್ತೀರಲ್ರಿ," ಎಂದಳು ಅತ್ತಿಗೆ.

"ತೂಗದಿದ್ರ ಉಂಡೈತೋ ಇಲ್ಲೋ ಹೆಂಗ ಗೊತ್ತಾಗಬೇಕು?" ಎಂದ ಅಣ್ಣ.

ಇಲ್ಲೊಂದು ವಿಷಯ ಹೇಳಿಬಿಡಬೇಕು. ಅದಕ್ಕೆ ಮುಂಚೆ ಆ ಹುಡುಗಿಗೆ ಓದುವ ಚಟ ಯಾರೂ ಹಚ್ಚದೆಯೇ ಹತ್ತಿತ್ತು. ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಜಾಹೀರಾತು, ಅಂಗಡಿಗಳ ತೆಲುಗು ಅಕ್ಷರ, ಯಾವುದನ್ನೂ ಬಿಡುತ್ತಿರಲಿಲ್ಲ. ಮಂಡಕ್ಕಿ ಕಟ್ಟಿಕೊಟ್ಟ ಹಳೆ ಪತ್ರಿಕೆಯ ತುಂಡನ್ನು ಬಿಡಿಸಿ ಓದಿ, ಅರ್ಧಕ್ಕೆ ಹರಿದುಹೋದ ಸುದ್ದಿಯ ಉಳಿದರ್ಧ ಏನಾಯಿತೆಂದು ನನ್ನನ್ನು ಕಾಡುತ್ತಿದ್ದಳು. ನಾನು ಎಂ.ಎ. ಮಾಡಿದವಳು ಎಂಬ ಒಂದೇ ಕಾರಣಕ್ಕೆ ಉಳಿದರ್ಧ ನನಗೆ ಗೊತ್ತಿರಲೇಬೇಕು ಎಂದು ಅವಳ ನಂಬಿಕೆ.

ಇಪ್ಪತ್ತು ಪುಟ ಶುರುವಾದ ಮೇಲೆ ಆ ಕಾಟ ತಪ್ಪಿತು. ಕಂಡಕ್ಟರು ಟಿಕೆಟು ಹರಿದ ಹಾಗೆ ಪುಟ ತಿರುವಿ, ಪುಸ್ತಕ ಮುಚ್ಚಿ, "ಇವತ್ತಿಂದು ಮುಗೀತು" ಎಂದು ಎದ್ದುಬಿಡುತ್ತಿದ್ದಳು. ಅಣ್ಣ ಹಿಗ್ಗಿದ. ಬಂದವರಿಗೆಲ್ಲ ಅದನ್ನೇ ಹೇಳಿದ. ಓದಿದ್ದರಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಸುಗ್ಗಿಗೆ ಮುಂಚೆ ಅಣ್ಣ, ಸಾನ್ವಿ, ನಾನು ಸಿರುಗುಪ್ಪದ ಹತ್ತಿರದ ದೇಶನೂರಿಗೆ, ದೊಡ್ಡವ್ವನ ಮನೆಗೆ ಹೊರಟೆವು. ಸಿರುಗುಪ್ಪಕ್ಕೆ ನೆಟ್ಟಗೆ ಹೋಗುವ ದಾರಿ ಇರುವಾಗ ಅಣ್ಣ ಕುರುಗೋಡಿನ ಮೇಲೆ ಸುತ್ತು ಹಾಕಿಸಿದ. ಅಲ್ಲಿನ ದೊಡ್ಡ ಬಸವಣ್ಣನನ್ನು ತೋರಿಸುವುದು ಶಿಕ್ಷಣವಂತೆ. ಸಾನ್ವಿ ಕಾರಿನಲ್ಲಿ ತಲೆ ಬಗ್ಗಿಸಿ ಪುಟ ತಿರುವುತ್ತಿದ್ದವಳು, ಅಷ್ಟೆತ್ತರದ ಬಸವಣ್ಣನ ಮುಂದೆಯೂ ಬೆರಳನ್ನು ಪುಸ್ತಕದ ನಡುವೆ ಸಿಕ್ಕಿಸಿಕೊಂಡೇ ನಿಂತಿದ್ದಳು. ಬಸವಣ್ಣ ಪುಟದ ಲೆಕ್ಕಕ್ಕೆ ಬರುವುದಿಲ್ಲವಲ್ಲ. ದೇಶನೂರು ಮುಟ್ಟುವಷ್ಟರಲ್ಲಿ ಇಪ್ಪತ್ತೂ ಮುಗಿದಿದ್ದವು.

ದೊಡ್ಡವ್ವನಿಗೆ 'ಸಾನ್ವಿ' ಎನ್ನಲು ನಾಲಗೆ ಹೊರಳುವುದಿಲ್ಲ, 'ಸಣ್ಣವ್ವ' ಎನ್ನುತ್ತಾಳೆ. ಅವತ್ತು ಅವಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು; ಕಣ್ಣಿಗೆ ಪೊರೆ ಮೊದಲೇ ಇತ್ತು. ಆದರೂ ಬಂದವರಿಗೆ ಮಿರ್ಚಿ ಕರಿಯಬೇಕೆಂದು ಹಿಟ್ಟು ಕಲಸಿ, ಬಾಣಲೆ ಒಲೆಯ ಮೇಲಿಟ್ಟು, "ಸಣ್ಣವ್ವ, ಎಣ್ಣಿ ತಗಂಬಾ," ಎಂದಳು.

ಎಣ್ಣಿ. ನಮ್ಮ ಕಡೆ ಒಗ್ಗರಣೆಗೆ ಹಾಕುವುದೂ ಎಣ್ಣಿ, ಗದ್ದೆಯ ಹುಳಕ್ಕೆ ಹೊಡೆಯುವ ವಿಷವೂ ಎಣ್ಣಿ, ಗಂಡಸರು ಸಂಜೆ ಮರೆಯಲ್ಲಿ ಕುಡಿಯುವುದೂ ಎಣ್ಣಿ. ಒಂದೇ ಮಾತಿನಲ್ಲಿ ಮೂರು ಕೆಲಸ ತೆಗೆಯುವ ಜಾಣರು ನಾವು.

ಹೊರಗೆ ಕಟ್ಟೆಯ ಮೇಲೆ ದೊಡ್ಡವ್ವನ ಮಗ ಹನುಮಂತ, ಭತ್ತಕ್ಕೆ ಎಣ್ಣಿ ಹೊಡೆಯಲು ಪಂಪು ಸರಿಮಾಡುತ್ತ ಕೂತಿದ್ದ. ಕಾಕಾ, ಎಣ್ಣಿ ಎಲ್ಲೈತಿ ಎಂದು ಹುಡುಗಿ ಕೇಳಿದಳು. ತನಗೇ ತಂದುಕೊಡುತ್ತಾಳೆ ಎಂದುಕೊಂಡ ಅವನು ತಲೆ ಎತ್ತದೆ, "ಪಡಸಾಲಿ ಗೂಡಿನಾಗ ಐತಿ ನೋಡವ್ವ," ಎಂದ. ಅವಳು ತಂದಳು. ತಂದು ನೆಟ್ಟಗೆ ದೊಡ್ಡವ್ವನ ಕೈಗೆ ಕೊಟ್ಟಳು.

ಆಗ ನಾನೇನು ಮಾಡುತ್ತಿದ್ದೆ? ಅಲ್ಲೇ ಮಣೆಯ ಮೇಲೆ ಕೂತು ಓದುತ್ತಿದ್ದೆ. ಮಕ್ಕಳಿಗೆ ದಿನಕ್ಕೆ ಎಷ್ಟು ಓದಿಸಬೇಕು ಎಂಬ ಬಗ್ಗೆ ಅಣ್ಣ ಮೊಬೈಲಿಗೆ ಕಳಿಸಿದ್ದ ಉದ್ದನೆಯ ಲೇಖನ. ಘಾಟು ಮೂಗಿಗೆ ಬಡಿದದ್ದು ನಿಜ. ಹನುಮಂತನ ಹೊಲದ ಅಂಗಿಯ ವಾಸನೆ ಆ ಮನೆಯಲ್ಲಿ ಸದಾ ಇರುವಂಥದ್ದೇ ಎಂದು ಮುಂದಿನ ಸಾಲಿಗೆ ಹೋದೆ.

ಬಾಣಲೆಯ ಮೇಲೆ ಬಗ್ಗಿ ನೋಡುತ್ತಿದ್ದ ಸಾನ್ವಿ ಕೆಮ್ಮಿದಳು. ತಲೆ ಎತ್ತಿದೆ. ದೊಡ್ಡವ್ವನ ಕೈಯಲ್ಲಿ ಬಗ್ಗಿದ್ದ ಬಾಟಲಿ, ಅದರ ಮೇಲೊಂದು ಕೆಂಪು ಗುರುತು, ಗುರುತಿನ ಮೇಲೆ ದಪ್ಪ ಅಕ್ಷರದಲ್ಲಿ ಪಾಯ್ಸನ್. ಇಷ್ಟು ವರ್ಷ ನಾನು ಓದಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಆ ಒಂದು ಪದ.

ಹುಡುಗಿಯನ್ನು ರಟ್ಟೆ ಹಿಡಿದು ಹಿತ್ತಲಿಗೆ ನೂಕಿದ್ದು, ಸೆರಗಿನಲ್ಲಿ ಬಾಣಲೆ ಹಿಡಿದು ಓಡಿದ್ದು, ದೊಡ್ಡವ್ವನನ್ನು ಎಳೆದುಕೊಂಡು ಬಂದದ್ದು, ಯಾವುದು ಮೊದಲು ಯಾವುದು ಆಮೇಲೆ ಎಂದು ಇವತ್ತಿಗೂ ಜೋಡಿಸುತ್ತ ಕೂರುತ್ತೇನೆ. ಮೂವರ ಕಣ್ಣಲ್ಲೂ ನೀರು ಸುರಿಯಿತು. ಅಷ್ಟರಲ್ಲೇ ಪಾರಾದೆವು. ಆದರೆ ನನ್ನ ತಲೆಯೊಳಗೆ ಪ್ರತಿ ಸಲವೂ ಹುಡುಗಿ ಕೆಮ್ಮುವುದಿಲ್ಲ. ಕೆಲವು ಸಲ ನಾನು ಲೇಖನ ಮುಗಿಸುತ್ತೇನೆ. ತಟ್ಟೆಯಲ್ಲಿ ಬಿಸಿ ಮಿರ್ಚಿ ಬರುತ್ತದೆ.

ಗದ್ದಲ ಕೇಳಿ ಓಡಿಬಂದ ಅಣ್ಣ ಬಾಟಲಿಯನ್ನು ಮಗಳ ಮುಖದ ಮುಂದೆ ಹಿಡಿದ. "ಇಷ್ಟು ದಪ್ಪ ಅಕ್ಷರ ಐತಿ. ನಿನಗ ಓದಾಕ ಬರಂಗಿಲ್ಲೇನು?"

ಅವಳು ಕಣ್ಣೊರೆಸಿಕೊಂಡು, ಇವರಿಗೇಕೆ ಇಷ್ಟೂ ತಿಳಿಯುವುದಿಲ್ಲ ಎಂಬಂತೆ ನೋಡಿದಳು.

"ಬರ್ತೈತಪ್ಪ. ಇವತ್ತಿಂದು ಮುಗಿದಿತ್ತಲ್ಲ."

ಇನ್ನು ಅಣ್ಣ ಬದಲಾಗುತ್ತಾನೆ ಎಂದುಕೊಂಡೆ. ಬದಲಾದ. ಮರುದಿನವೇ ವೇಳಾಪಟ್ಟಿಗೆ ಹೊಸದೊಂದು ಸಾಲು ಸೇರಿಸಿದ: ದಿನಕ್ಕೆ ಐದು ಲೇಬಲ್ ಓದು. ಅತ್ತಿಗೆ ಆ ಹಾಳೆಯನ್ನು ಗೋಡೆಯಿಂದ ಕಿತ್ತು ಒಲೆ ಒರೆಸಿದಳು ಎಂದು ಕೇಳಿದೆ. ನಮ್ಮ ಮನೆತನದಲ್ಲಿ ಶಿಕ್ಷಣ ಸುಧಾರಣೆ ಎಂಬುದು ನಡೆದಿದ್ದರೆ ಅದು ಅದೊಂದೇ.

ಈ ಭಾನುವಾರ ಸಾನ್ವಿ ನಮ್ಮ ಮನೆಗೆ ಬಂದಿದ್ದಳು. ನಾನು ಬಾಣಲೆ ಇಟ್ಟು ನನ್ನ ಪೂಜೆಗೆ ನಿಂತಿದ್ದೆ. ಅವಳು ಹತ್ತಿರ ಬಂದು ಬಾಟಲಿಗೆ ಕೈ ಚಾಚಿದಳು. ಕೊಟ್ಟೆ. ಅದನ್ನು ಒಂದು ಸುತ್ತು ತಿರುಗಿಸಿ ಕೇಳಿದಳು:

"ಅತ್ತಿ, ಇದನ್ನ ಓದಿದ್ರ ಲೆಕ್ಕಕ್ಕ ಬರ್ತೈತೇನು?"

"ಇಲ್ಲವ್ವ. ಯಾವ ಲೆಕ್ಕಕ್ಕೂ ಬರಂಗಿಲ್ಲ."

ಅವಳು ಅಡುಗೆಮನೆಯ ಕಟ್ಟೆಗೆ ಒರಗಿ, ಬೆರಳಿಟ್ಟು, ಸಣ್ಣ ಅಕ್ಷರದಿಂದ ಶುರುಮಾಡಿದಳು. ನಡುವೆ ನಿಂತು, 'ತಂಪಾದ ಜಾಗದಲ್ಲಿಡಿ' ಅಂತ ಬರೆದಾರ, ಬಳ್ಳಾರ್ಯಾಗ ಅಂಥ ಜಾಗ ಎಲ್ಲೈತಿ ಎಂದು ಕೇಳಿದಳು. 

ಬಾಣಲೆ ಕಾದು ಹೊಗೆಯಾಡುತ್ತಿತ್ತು. ನಾನು ಒಲೆ ಆರಿಸಿ, ಅವಳು ಓದಿ ಮುಗಿಸಲೆಂದು ಕಾದು ನಿಂತೆ.