ಕಂಬಳಿಯಲ್ಲಿ ಸೋಸಿದ ಕಪ್ಪು ಬಿಯರು

ನನ್ನ ಮೂಗಿನ ಬಗ್ಗೆ ನಾನೇ ಹೇಳಿಕೊಳ್ಳುವುದು ಚೆಂದವಲ್ಲ. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣದ್ದರಿಂದ ನಾನೇ ಹೇಳುತ್ತೇನೆ. ವಿಜಯಪುರದ ನಮ್ಮ ಮನೆಯ ಮಾಳಿಗೆ ಹತ್ತಿ ನಿಂತರೆ ಸಾಕು, ಯಾವ ಓಣಿಯಲ್ಲಿ ಯಾರು ಎಣ್ಣೆಗಾಯಿ ಮಾಡಿದ್ದಾರೆ, ಯಾರು ಫೋನಿನಲ್ಲಿ ಮಾತಾಡುತ್ತ ಶೇಂಗಾ ಕರಕು ಮಾಡಿದ್ದಾರೆ ಎಂದು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಗೆಳತಿಯರ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಒಳಗಿನದನ್ನು ಹೇಳಿ, ಬಹುಮಾನವಾಗಿ ಅರ್ಧ ಡಬ್ಬಿ ಖಾಲಿ ಮಾಡುತ್ತಿದ್ದೆ. ಮಳೆ ಇನ್ನೂ ತಿಕೋಟಾದಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ನನಗಿಲ್ಲಿ ಮಣ್ಣಿನ ವಾಸನೆ ಬಂದಿರುತ್ತದೆ.

“ಈಕಿ ಮೂಗನ್ನ ಪೊಲೀಸ್ ನಾಯಿಗಿ ಹಚ್ಚಿದ್ರ ಪಗಾರನಾದ್ರೂ ಬರ್ತಿತ್ತು” ಎಂದು ಅವ್ವ ಅನ್ನುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಇಂಥ ಮೂಗಿಗೆ ತಕ್ಕ ನೌಕರಿ ಸಿಕ್ಕಿದ್ದು ಹೊನವಾಡದಲ್ಲಿ, ಅವ್ವನ ತವರಿನಲ್ಲಿ. ಕೊಟ್ಟವನು ಮಾಮಾ, ಅವ್ವನ ತಮ್ಮ. ಅವನು ಪುಣೆಯಲ್ಲಿ ಕಾಳಿನಿಂದ ಬಿಯರು ಕುದಿಸುವ ಕೆಲಸದಲ್ಲಿದ್ದ. ಒಂದು ಜ್ವರ ಬಂತು. ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಲ್ಲಿಗೆ, ಸೀಮೆಎಣ್ಣೆ, ಸತ್ತ ಇಲಿ, ಎಲ್ಲವೂ ಅವನಿಗೆ ಬರಿ ಗಾಳಿ. ಕಪ್ಪು ಬಿಯರಿಗೆ ಅವರು ಸ್ಟೌಟ್ ಅನ್ನುತ್ತಾರೆ. ಅದರ ಜೀವವೆಲ್ಲ ಹುರಿದ ಕಾಳಿನ ವಾಸನೆಯಲ್ಲಿ. ಆ ವಾಸನೆ ತಿಳಿಯದವನು ಅದನ್ನು ಮಾಡುವುದೆಂದರೆ ಕಣ್ಣು ಕಟ್ಟಿಕೊಂಡು ಬಸ್ಸು ಓಡಿಸಿದ ಹಾಗೆ. ಮಾಲೀಕ ಒಳ್ಳೆಯವನು. “ಊರಿಗೆ ಹೋಗು. ಕಾಳು ನೆನೆಸುವಲ್ಲಿಂದ ಹಿಡಿದು ಎಲ್ಲ ನೀನೇ ಮಾಡಿ ಒಂದು ಸ್ಟೌಟ್ ಇಳಿಸು. ಅದರ ವಾಸನೆ ನಿನ್ನ ಮೂಗಿಗೇ ತಿಳಿದ ದಿನ ಫೋನ್ ಮಾಡು. ದಸರೆಯವರೆಗೆ ನಿನ್ನ ಜಾಗ ಖಾಲಿ ಇಡುತ್ತೇನೆ” ಎಂದಿದ್ದ.

ಮಾಮಾ ಒಂದು ಚೀಲ ಜವೆಗೋಧಿ ಹೊತ್ತು ಶ್ರಾವಣದಲ್ಲಿ ಬಂದಿಳಿದ. ನಾನು ಪ್ರತಿ ರವಿವಾರ ಬಸ್ಸು ಹತ್ತಿ ಹೋಗತೊಡಗಿದೆ. ಅವನ ಮೂಗು ಏಳುವ ತನಕ ನಾನು ಬದಲಿ ಮೂಗು.

ಆಯಿ, ಅಂದರೆ ಅಜ್ಜಿ, ಮೊದಲ ದಿನವೇ ಶರತ್ತು ಹಾಕಿದಳು. ನಾಲ್ಕು ಆಡು ಕಟ್ಟಿಕೊಂಡು ಇಡೀ ಓಣಿಯನ್ನು ಆಳುವ ಹೆಂಗಸು ಅವಳು.

“ಮೂಗ ಅಷ್ಟ ನೋಡು. ನಾಲಗಿ ಹೊರಗ ಬಂತಂದ್ರ ಕಾದ ಹಂಚಿಗಿ ಹಚ್ಚತೀನಿ.”

“ಆಯಿ, ನನ್ನ ಮೂಗಿಗೇ ಅಮಲ ಏರಿದ್ರ?”

“ಮೂಗನ್ನೂ ಹಚ್ಚತೀನಿ.”

ಮಾಮಾನಿಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಇದು ಭಟ್ಟಿ ಸರಾಯಿ ಏನಲೇ?”

“ಅಲ್ಲ ಯವ್ವಾ. ಅಂಬಲಿ ಇದ್ದಂಗ. ಸ್ವಲ್ಪ ಕರ್ರಗಿರ್ತೈತಿ.”

“ಕರ್ರಗಿದ್ದ ಅಂಬಲಿ ನಾ ಎಲ್ಲೂ ನೋಡಿಲ್ಲ” ಎಂದಳು. ಆದರೂ ಹಿತ್ತಲಿನ ಹಂಡೆ ಬಿಟ್ಟುಕೊಟ್ಟಳು. ಮಗ ಉಣ್ಣುವಾಗ ರುಚಿ ತಿಳಿಯದೆ ಮಣ್ಣು ಅಗಿದಂತೆ ಅಗಿಯುವುದನ್ನು ದಿನಾ ನೋಡುತ್ತಿದ್ದವಳು ಅವಳೇ.

ಮಳೆಗಾಲದಲ್ಲಿ ಆಯಿಯ ಹಿತ್ತಲಿನ ದ್ರಾಕ್ಷಿ ಒಣಗಿಸುವ ಶೆಡ್ಡು ಖಾಲಿ ಇರುತ್ತದೆ. ಬೇಸಿಗೆಯಲ್ಲಿ ಮಣೂಕ ಮಾಡಲು ದ್ರಾಕ್ಷಿ ಹರಡುವ ಬಲೆಗಳು ಅಂತಸ್ತಿನ ಮೇಲೆ ಅಂತಸ್ತು ಹಾಗೇ ಬಿಗಿದಿರುತ್ತವೆ. ನೆನೆಸಿದ ಜವೆಗೋಧಿಯನ್ನು ಹಸಿ ಗೋಣಿಚೀಲದ ಕೆಳಗೆ ಮಲಗಿಸಿದೆವು. ಬಿಳಿ ಮೊಳಕೆ ಇಣುಕಿದ ಮೇಲೆ ಆ ಬಲೆಗಳ ಮೇಲೆ ಹರಡಿದೆವು. ಹಸಿರು ನೆರಳುಪರದೆಯಿಂದ ಸೋಸಿ ಬರುವ ಬೆಳಕು ನೀರಿನೊಳಗಿನ ಬೆಳಕಿನ ಹಾಗಿರುತ್ತಿತ್ತು. ಗಾಳಿ ಬೀಸಿದರೆ ಬಲೆಗಳೆಲ್ಲ ಉಸಿರಾಡುತ್ತಿದ್ದವು. ಕಾಳಿನ ಸಾಲುಗಳ ನಡುವೆ ನಾವಿಬ್ಬರೂ ಅಂಗಾತ ಮಲಗುತ್ತಿದ್ದೆವು. ಎಚ್ಚರವೋ ನಿದ್ದೆಯೋ ತಿಳಿಯದ ಆ ಮಧ್ಯಾಹ್ನಗಳಲ್ಲಿ ಮಾಮಾ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ.

“ಈಗ ಏನ್ ಬರಾಕತ್ತೈತಿ ಬೇ?”

ಬರುತ್ತಿದ್ದುದು ಎಳೆ ಸೌತೆಕಾಯಿಯ ವಾಸನೆ. ಅಷ್ಟೇ ಹೇಳಿದರೆ ನಾನು ನಾನಲ್ಲ. “ಮಾಮಾ, ಸೌತೆಕಾಯಿ ಬಂದೈತಿ. ಒಂದ ಅಲ್ಲ, ಹೊಲಕ್ಕ ಹೊಲನ ಎದ್ದ ಬಂದೈತಿ. ಬಿಜ್ಜರಗಿ ದಾರಿ ಹಿಡದು, ತಲಿಮ್ಯಾಲ ಇಬ್ಬನಿ ಹೊತಗೊಂಡು, ಸಾಲಾಗಿ ನಡಕೋತ ಬರಾಕತ್ತಾವು.”

“ಹೂವ ಅದಾವೇನು?”

“ಹಳದಿ ಹೂವ. ಒಂದೊಂದಕ್ಕ ಒಂದೊಂದ ಜೇನು. ಜೇನು ಆಕಳಿಸಾಕತ್ತಾವು.”

ಅವನ ಮೂಗಿನ ಹೊಳ್ಳೆಗಳು ಅರಳಿ, ಕಾದು, ಮತ್ತೆ ಸುಮ್ಮನಾಗುತ್ತಿದ್ದವು. “ಇಲ್ಲ. ಆದ್ರೂ ಹೇಳು. ಚಂದ ಐತಿ” ಅನ್ನುತ್ತಿದ್ದ. ಕಾಳು ಒಣಗಿದಾಗ ಹುಲ್ಲಿನ ಬಣವೆಯಲ್ಲಿ ಬೆಕ್ಕು ಮಲಗೆದ್ದ ವಾಸನೆ ಎಂದೆ. ಆಯಿಯ ರೊಟ್ಟಿ ಹಂಚಿನಲ್ಲಿ ಒಂದು ಪಾಲನ್ನು ಕಪ್ಪಗೆ ಹುರಿದಾಗಲಂತೂ ನಾನು ಹೇಳಿದ್ದು ಹನ್ನೆರಡು ಮೈಲಿಗೆ ಸಾಲುವಷ್ಟಿತ್ತು. ಮೊದಲು ಬಿಸ್ಕೀಟು, ಆಮೇಲೆ ಬ್ರೆಡ್ಡು, ಆಮೇಲೆ ಕಾಫಿ, ಕೊನೆಗೆ ಹಂಚಿನ ಮೇಲೆ ಮರೆತ ರೊಟ್ಟಿಯ ಅಂಚು. ಒಂದೊಂದು ವಾಸನೆಗೂ ಒಂದು ಊರು, ಒಂದು ಮದುವೆ, ಕನಿಷ್ಠ ಒಂದು ಜಗಳ ಕಟ್ಟಿದೆ. ಅವನು ಮಾತ್ರ ಕಾಳಿನ ಸದ್ದು ಕೇಳುತ್ತ, ಸೌಟಿನ ತುದಿಯ ಕಾಳಿನ ಬಣ್ಣ ನೋಡುತ್ತ ಹುರಿಯುತ್ತಿದ್ದ. ಹೊಗೆಗೆ ಮುಖ ಒಡ್ಡಿ ನಿಲ್ಲುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು, ಮೂಗಿಗೆ ಏನೂ ಬರುತ್ತಿರಲಿಲ್ಲ.

ಕಾಳನ್ನು ಗಿರಣಿಗೆ ಒಯ್ದವಳು ಆಯಿ. ಎಡವಟ್ಟು ಆದದ್ದು ಅಲ್ಲಿಯೇ. “ಸುಮ್ನ ಒಡಸ್ಕೊಂಡ ಬಾ ಯವ್ವಾ, ಒಂದ ಕಾಳ ಎರಡ ಆದ್ರ ಸಾಕು” ಎಂದು ಮಾಮಾ ಹೇಳಿ ಕಳಿಸಿದ್ದ. ಆದರೆ ನಮ್ಮ ಕಡೆ ಹೆಂಗಸರು ಗಿರಣಿಗೆ ಕಾಳು ಕೊಟ್ಟು ಒರಟಾಗಿ ಬೀಸಿಸಿಕೊಂಡು ಬಂದರೆ ಅದು ಮನೆತನದ ಮರ್ಯಾದೆ ಪ್ರಶ್ನೆ. ಹಿಟ್ಟು ಬೆರಳ ನಡುವೆ ಪೌಡರಿನಂತೆ ಜಾರಬೇಕು, ರೊಟ್ಟಿ ಬಡಿದರೆ ಬಿರಿಯಬಾರದು. ಪುಣೆಯಿಂದ ಬಂದ ಮಗನ ಕಾಳು ಬೇರೆ. ಆಯಿ ಗಿರಣಿಯವನ ಎದುರು ನಿಂತು ಎರಡು ಸಲ ಬೀಸಿಸಿದಳು.

ಡಬ್ಬಿ ತೆರೆದ ಮಾಮಾ ತಲೆಯ ಮೇಲೆ ಕೈ ಹೊತ್ತ. “ಯವ್ವಾ! ಇದ ಹಿಟ್ಟ ಆಗೇತಲ್ಲ!”

“ಮತ್ತ? ಗಿರಣಿಗಿ ಹೋದದ್ದು ಹಿಟ್ಟ ಆಗದ ಹಲ್ವಾ ಆಗ್ತೈತೇನು?”

“ನುಚ್ಚಿನಕಿಂತ ದಪ್ಪ ಇರಬೇಕಿತ್ತು. ಈಗ ಸೋಸಾಕ ಬರೂದಿಲ್ಲ.”

“ನಿಮ್ಮ ಪುಣೇದಾಗ ಗಿರಣಿ ಸರಿ ಇಲ್ಲ. ಅದಕ್ಕ ದಪ್ಪ ಬೀಸ್ತಾರ. ಅದನ್ನ ನೀ ವಿದ್ಯಾ ಅಂತ ತಿಳದಿ.”

ಬೇರೆ ಕಾಳು ಇರಲಿಲ್ಲ. ಹಂಡೆಯಲ್ಲಿ ಬಿಸಿನೀರು, ಅದರಲ್ಲಿ ಆ ಹಿಟ್ಟು. ನೀರು ಕುದಿಯಬಾರದು, ಬೆರಳು ಅದ್ದಿದರೆ ‘ಅಯ್ಯೋ’ ಎನ್ನುವಷ್ಟು ಕಾದಿರಬೇಕು. ಕಾಳಿನ ಸಿಹಿಯೆಲ್ಲ ನೀರಿಗೆ ಇಳಿದ ಮೇಲೆ ತಿಳಿಯನ್ನು ಸೋಸಿ ತೆಗೆಯಬೇಕು. ನಮ್ಮ ಹಂಡೆಯಲ್ಲಿ ತಿಳಿ ಎಂಬುದೇ ಇರಲಿಲ್ಲ. ರಸ್ತೆಗೆ ಹಾಕಬಹುದಾದ ಕಪ್ಪು ರಾಡಿ. ಜರಡಿಯ ತೂತು ಕಟ್ಟಿತು. ಧೋತರ ಕಟ್ಟಿತು. ಆಯಿಯ ಹಳೆ ಸೀರೆ ಕಟ್ಟಿ, ಹರಿದೂ ಹೋಯಿತು. ವಾಸನೆ ಹತ್ತಿದ ಆಡುಗಳು ಕಟ್ಟಿದ ಹಗ್ಗ ಜಗ್ಗಿ ಒದರತೊಡಗಿದವು. ಮಾಮಾ ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ದಸರೆ ಹತ್ತಿರ ಬರುತ್ತಿತ್ತು.

ಆಯಿ ಒಳಗೆ ಹೋಗಿ ಮುತ್ಯಾನ, ಅಂದರೆ ನನ್ನ ಅಜ್ಜನ, ಕರಿ ಕಂಬಳಿ ತಂದಳು. ಮುತ್ಯಾ ಕುರಿ ಕಾಯ್ದ ಕಾಲದ್ದು, ಅವನು ತೀರಿಹೋದ ಮೇಲೆ ದೇವರ ಗೂಡಿನ ಕೆಳಗೆ ಮಡಚಿಟ್ಟದ್ದು. “ನಿಮ್ಮಪ್ಪ ಮಳ್ಯಾಗ ಇದನ್ನ ಹೊತಗೊಂಡ ನಿಂತ್ರ ಒಂದ ಹನಿ ಒಳಗ ಇಳೀತಿದ್ದಿಲ್ಲ. ಇಳಿಬೇಕಾದದ್ದು ಇಳೀತೈತಿ. ಹಿಡಿ.”

ನಾಲ್ಕು ಮೂಲೆಯನ್ನು ಬೇವಿನ ಟೊಂಗೆಗೆ ಕಟ್ಟಿದೆವು. ರಾಡಿ ಸುರಿದೆವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಂಬಳಿಯ ಹೊಟ್ಟೆಯಿಂದ ಒಂದು ಕರಿ ಹನಿ ಇಳಿಯಿತು, ಇನ್ನೊಂದು ಇಳಿಯಿತು, ಆಮೇಲೆ ಎಳೆಯಾಗಿ ಸುರಿಯಿತು. ಸಂಜೆ ಬಿಸಿಲಲ್ಲಿ ಆ ಎಳೆ ಕೆಂಪಗೆ ಹೊಳೆಯುತ್ತಿತ್ತು. ನಾವು ಮೂವರೂ ಮಾತಾಡದೆ ನೋಡುತ್ತ ಕುಳಿತೆವು. ಆಡುಗಳೂ ಸುಮ್ಮನಾದವು. ನಾನು ಸುಮ್ಮನಿದ್ದ ದಾಖಲೆ ಇರುವುದು ಅದೊಂದೇ ಸಂಜೆಯದು.

ಆ ನೀರನ್ನು ಮಾಮಾ ಪುಣೆಯಿಂದ ತಂದಿದ್ದ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿದ, ಆರಿಸಿದ, ಈಸ್ಟ್ ಹಾಕಿ ದೊಡ್ಡ ಡಬ್ಬಿಯೊಂದಕ್ಕೆ ತುಂಬಿ ನಡುಮನೆಯ ಕತ್ತಲಲ್ಲಿ ಜೋಳದ ಚೀಲಗಳ ಪಕ್ಕ ಮಲಗಿಸಿದ. ತಂಪಿರಲೆಂದು ಡಬ್ಬಿಗೆ ಹಸಿ ಗೋಣಿ ಸುತ್ತಿದ್ದ. ಗಾಳಿ ಹೋಗಲು ಮುಚ್ಚಳಕ್ಕೆ ಸಿಕ್ಕಿಸಿದ ನಳಿಗೆಯಿಂದ ‘ಗುಳುಕ್’ ಅನ್ನುವ ಸದ್ದು ನಿದ್ದೆಯಲ್ಲಿ ಮಾತಾಡುವವರ ಹಾಗೆ ಬರುತ್ತಿತ್ತು. “ಏನೋ ಹೇಳಾಕತ್ತೈತಿ, ಗಂಟಲ ಬಿಟ್ಟ ಹೇಳವಲ್ದು” ಎಂದು ಆಯಿ ಅದರ ಪಕ್ಕದಲ್ಲೇ ಹಾಸಿಗೆ ಹಾಸಿದಳು.

ಬಾಟಲಿ ತರಲು ಬಬಲೇಶ್ವರಕ್ಕೆ ಹೋದೆವು. ಅಲ್ಲಿ ಮುಚ್ಚಿಹೋದ ಶರಬತ್ತಿನ ಅಂಗಡಿಯೊಂದರ ದಪ್ಪ ಗಾಜಿನ ಬಾಟಲಿಗಳಿದ್ದವು. ಚೀಲ ತೊಡೆಯ ಮೇಲಿಟ್ಟುಕೊಂಡು ಬೈಕಿನ ಹಿಂದೆ ಕುಳಿತೆ. ರಸ್ತೆಯ ಒಂದೊಂದು ತಗ್ಗಿಗೂ ಬಾಟಲಿಗಳು ಬ್ಯಾಂಡ್ ಬಾರಿಸಿದವು. ಹೊಲದಲ್ಲಿ ಕಸ ತೆಗೆಯುತ್ತಿದ್ದವರು ವರನನ್ನು ಹುಡುಕಿದರು. ತಿಕೋಟಾದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಮುದುಕ ಚೀಲ ನೋಡಿ ಕೇಳಿದ, “ಏನಬೇ ಅದು?”

“ಔಷಧಿ ಬಾಟಲಿ ರಿ ಅಜ್ಜಾ. ನಮ್ಮ ಮಾಮಾನ ಮೂಗಿಂದು.”

“ಮೂಗಿಗಿ ಇಷ್ಟ?”

“ಮೂಗ ನೋಡ್ರಿ, ಹೆಂಗೈತಿ.”

ಮುದುಕ ಮಾಮಾನ ಮೂಗನ್ನು ನೋಡಿ, ಸಾಲದು ಎಂಬಂತೆ ತಲೆಯಾಡಿಸಿದ.

ದಸರೆಗೆ ಇನ್ನು ಒಂದೇ ರವಿವಾರ ಉಳಿದಿತ್ತು. ಶೆಡ್ಡಿನ ಹಸಿರು ನೆರಳಲ್ಲಿ ಮಾಮಾ ಮೊದಲ ಬಾಟಲಿ ತೆರೆದ. ‘ಫಸ್’ ಅಂದಿತು. ಗಾಜಿನ ಲೋಟದಲ್ಲಿ ಕಪ್ಪು ಇಳಿದು, ಮೇಲೆ ಬೆಲ್ಲದ ಬಣ್ಣದ ನೊರೆ ನಿಂತಿತು. ಅವನು ಲೋಟವನ್ನು ಮೊದಲು ನನ್ನತ್ತ ಹಿಡಿದ.

“ಈ ಸಲ ಮೆರವಣಿಗಿ ಬ್ಯಾಡ ಬೇ. ಇದ್ದದ್ದ ಇದ್ದಂಗ ಹೇಳು.”

ಮೂಗು ಇಳಿಸಿದೆ. ಕಾಫಿ ಇತ್ತು. ಸುಟ್ಟ ರೊಟ್ಟಿ ಇತ್ತು. ಅವೆರಡರ ಹಿಂದೆ, ಮಳೆಯಲ್ಲಿ ನೆನೆದು, ತಲೆ ತಗ್ಗಿಸಿಕೊಂಡು, ಒಂದು ಇಡೀ ಕುರಿ ನಿಂತಿತ್ತು.

“ಕಾಫಿ ಐತಿ. ರೊಟ್ಟಿ ಐತಿ” ಎಂದೆ. ಆಮೇಲೆ ಇನ್ನೊಮ್ಮೆ ಮೂಸಿ, “ಕುರಿನೂ ಐತಿ ಮಾಮಾ.”

“ಎಷ್ಟ?”

“ಒಂದ. ಖರೇನ ಒಂದ.”

ಮಾಮಾ ಲೋಟದೊಳಗೆ ಮೂಗಿಟ್ಟು ಎಳೆದ. ಮತ್ತೆ ಎಳೆದ. ನೊರೆ ಮೂಗಿನ ತುದಿಗೆ ಹತ್ತಿತು. ಮುಖದಲ್ಲಿ ಏನೂ ಮೂಡಲಿಲ್ಲ. ಆಡುಗಳಿಗೆ ಮೇವು ಹಾಕುತ್ತಿದ್ದ ಆಯಿ ಅಲ್ಲೇ ನಿಂತು ನೋಡುತ್ತಿದ್ದಳು. ಅವನು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನುಂಗಿದ. ಲೋಟ ಕೆಳಗಿಟ್ಟ. ಇನ್ನು ಏಳುತ್ತಾನೆ ಅಂದುಕೊಂಡೆ. ಏಳಲಿಲ್ಲ. ಅವನ ಹುಬ್ಬು ಗಂಟಾಯಿತು, ಮೂಗು ಮುದುಡಿತು. ಕೊಳೆತದ್ದನ್ನು ಕಂಡವನ ಹಾಗೆ ಇಡೀ ಮುಖ ಹಿಂದಕ್ಕೆ ಸರಿಯಿತು.

“ಟಾಯರ್” ಎಂದ.

“ಏನ್?”

“ಟಾಯರ್ ಬೇ! ಸುಟ್ಟ ಟಾಯರ್! ನಾರಾಕತ್ತೈತಿ! ಯವ್ವಾ, ನಾರಾಕತ್ತೈತಿ!”

ಅವನು ಎದ್ದು ಅಡುಗೆಮನೆಗೆ ಓಡಿದ. ಕಾಫಿಪುಡಿ ಡಬ್ಬಿ ತೆಗೆದು ಮೂಸಿದ: ಟಾಯರ್. ಉಳ್ಳಾಗಡ್ಡಿ ಕೊಯ್ದು ಮೂಸಿದ: ಟಾಯರ್. ಊದಿನಕಡ್ಡಿಗೆ ಏನೂ ಇಲ್ಲ. ಒಲೆಯ ಮೇಲಿನ ಪಲ್ಯದ ಒಗ್ಗರಣೆಗೆ ಬಾಗಿದವನು ಕೇಕೆ ಹಾಕಿದ, “ಇದೂ ಟಾಯರ್! ಲಾರಿದು!”

“ನನ್ನ ಒಗ್ಗರಣಿ ಲಾರಿ ಟಾಯರ್ ಆತೇನಲೇ, ಮೂಗೇಡಿ!” ಎಂದು ಆಯಿ ಸೌಟು ಎತ್ತಿದಳು. ಬಡಿಯಲಿಲ್ಲ. ಸೌಟು ಹಿಡಿದ ಕೈಯಿಂದಲೇ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಮಲಗಿದ ಮೂಗು ಏಳುವಾಗ ಮೊದಮೊದಲು ಹೀಗೇ ತಪ್ಪು ತಪ್ಪು ಹೇಳುತ್ತದಂತೆ. ಡಾಕ್ಟರು ಹೇಳಿದ್ದರಂತೆ. ಅವನು ನಂಬಿರಲಿಲ್ಲ.

ಪುಣೆಗೆ ಫೋನ್ ಹಚ್ಚಿದ. ನಾನು ಕಿವಿ ತೂರಿಸಿದೆ.

“ಸ್ಟೌಟ್ ಹೇಗಿದೆ?” ಎಂದು ಮಾಲೀಕ ಕೇಳುತ್ತಿದ್ದ.

ಕಾಫಿ, ರೊಟ್ಟಿ ಎಂದರೆ ಸಾಕಿತ್ತು. ಆ ಮಾತು ನನ್ನ ಬಾಯಿಂದ ಅವನು ಕೇಳಿಯೇ ಇದ್ದ. ನಾನು ತುಟಿ ಆಡಿಸಿ ತೋರಿಸಿದೆ ಕೂಡ. ಅವನು ನನ್ನತ್ತ ನೋಡಿ ಮುಖ ತಿರುಗಿಸಿದ.

“ಕುರಿ ವಾಸನೆ ಇದೆಯಂತೆ. ಅದು ನನಗೆ ಬಂದಿಲ್ಲ. ನನಗೆ ಬಂದದ್ದು ಸುಟ್ಟ ಟಾಯರ್ ಒಂದೇ. ದಸರೆಗೆ ನನ್ನಿಂದ ಆಗುವುದಿಲ್ಲ, ನೀವು ಬೇರೆಯವರನ್ನು ನೋಡಿಕೊಳ್ಳಿ.”

ಆ ಕಡೆ ಮಾಲೀಕ ಕೆಮ್ಮಿದನೋ ನಕ್ಕನೋ ತಿಳಿಯಲಿಲ್ಲ. ದಸರೆಗೆ ಬೇರೆಯವನನ್ನು ಕರೆಯಲೇಬೇಕು, ಕೆಲಸ ನಿಲ್ಲುವುದಿಲ್ಲ ಎಂದ. ಒಂದು ಚೀಲ ಜವೆಗೋಧಿ ಕಳಿಸುತ್ತೇನೆ, ಮೂಗು ಏಳುವ ತನಕ ಮಾಡುತ್ತಿರು, ಎದ್ದ ದಿನ ಬಾ ಎಂದೂ ಹೇಳಿದ.

ದಸರೆ ಹೋಯಿತು, ದೀಪಾವಳಿ ಹೋಯಿತು. ಚಳಿ ಬಿದ್ದ ಒಂದು ರವಿವಾರ ಹೋದಾಗ ಮಾಮಾ ಹೊಸ ಕಾಳು ಹುರಿಯುತ್ತಿದ್ದ. ಹಂಚಿನಿಂದ ನೀಲಿ ಹೊಗೆ ಎದ್ದು ಶೆಡ್ಡಿನ ಬಲೆಗಳ ನಡುವೆ ದಾರಿ ತಪ್ಪಿದ ಹಾಗೆ ತಿರುಗುತ್ತಿತ್ತು. ನಾನು ಬಸ್ಸಿನಲ್ಲಿ ಬರುತ್ತಲೇ ಒಂದು ಭರ್ಜರಿ ಹೋಲಿಕೆ ಕಟ್ಟಿಕೊಂಡು ಬಂದಿದ್ದೆ. ಅದರಲ್ಲಿ ಆನೆ ಇತ್ತು. ಬಾಯಿ ತೆರೆದೆ.

“ಸುಮ್ಕಿರು. ನಾ ಹೇಳ್ತೀನಿ” ಎಂದ.

ಕಣ್ಣು ಮುಚ್ಚಿ, ಹೊಗೆಗೆ ಬಾಗಿ, ನಿಧಾನಕ್ಕೆ ಉಸಿರು ಎಳೆದುಕೊಂಡ. ನಾನೂ ಎಳೆದುಕೊಂಡೆ. ನನ್ನ ಪಾಲಿಗೆ ಅಲ್ಲಿ ಬ್ರೆಡ್ಡು ಕಾಫಿಯಾಗುವ ಹೊತ್ತು.

“ಟಾಯರ್” ಎಂದ. ಇನ್ನೊಮ್ಮೆ ಎಳೆದ. ತುಟಿಯ ಅಂಚಿಗೆ ನಗೆ ಬಂತು. “ಆದ್ರ ಲಾರಿದು ಅಲ್ಲ ಬೇ. ಸೈಕಲ್ದು.”