ಸೋಮಣ್ಣನ ಚೌಕುಳಿ ಟವೆಲ್

ನನ್ನ ಗಂಡನಿಗೆ ಜಾಗದ ಹುಚ್ಚು. ಜಾಗ ಅಂದರೆ ಸೈಟು, ಮನೆ, ತೋಟ ಅಲ್ಲ, ಕೂರುವ ಜಾಗ. ಮದುವೆಗೆ ಹೋದರೆ ಫ್ಯಾನಿನ ಕೆಳಗಿನ ಕುರ್ಚಿಯೇ ಬೇಕು. ಊಟಕ್ಕೆ ಕೂತರೆ ಬಡಿಸುವವರು ಮೊದಲು ಬರುವ ಸಾಲೇ ಬೇಕು. ವಿಮಾನದಲ್ಲಿ ರೆಕ್ಕೆ ಅಡ್ಡ ಬಾರದ ಕಿಟಕಿ ಬೇಕು. ಹಾಗಂತ ಇವರೇನೂ ಕೂರುವುದಿಲ್ಲ. ಒಳ್ಳೆಯ ಜಾಗ ಹುಡುಕಿ, ನಮ್ಮನ್ನೆಲ್ಲ ಕೂರಿಸಿ, ತಾವು ಎಲ್ಲೋ ಕಂಬಕ್ಕೆ ಒರಗಿ ನಿಂತಿರುತ್ತಾರೆ. ನೋಡಿದವರು ನನ್ನನ್ನು ಬಯ್ಯಬೇಕು, ಹಾಗೆ.

ಹೆಸರು ಸೋಮಶೇಖರ. ಅಡಿಲೇಡಿನ ಕನ್ನಡದವರಿಗೆ ಸೋಮಣ್ಣ. ಊರಂಚಿನ ಸ್ಯಾಲಿಸ್‌ಬರಿಯ ಒಂದು ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುತ್ತಾರೆ; ಮನೆಯಲ್ಲಿ ಉಪ್ಪಿನ ಡಬ್ಬಿ ಮಾತ್ರ ಎದುರಿಗೇ ಇದ್ದರೂ ಕಾಣುವುದಿಲ್ಲ.

ಈ ಹುಚ್ಚು ಹತ್ತಿದ್ದು ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ. ಅಕ್ಕ ಕಮಲಾ, ಇವರು, ತಮ್ಮ ಉದಯಶಂಕರ್ ಮೂವರೂ ಮೈಸೂರಿಗೆ ಓದಲು ಹೋಗುತ್ತಿದ್ದ ಕಾಲ. ಬಸ್ಸು ಇನ್ನೂ ನಿಂತಿರುತ್ತಿರಲಿಲ್ಲ, ಇವರು ಜೊತೆಗೆ ಓಡುತ್ತಾ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಅದಕ್ಕೂ ಒಂದು ಲೆಕ್ಕವಿತ್ತು. ಬೆಳಿಗ್ಗೆ ಹೋಗುವಾಗ ಬಿಸಿಲು ಬಲಗಡೆ, ಸಂಜೆ ಬರುವಾಗಲೂ ಬಲಗಡೆ, ಹಾಗಾಗಿ ಎರಡು ಹೊತ್ತೂ ಟವೆಲ್ ಬೀಳಬೇಕಾದದ್ದು ಎಡಗಡೆಯ ಸೀಟಿನ ಮೇಲೆ. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಅಕ್ಕನಿಗೆ ವಾಂತಿಯಾಗುತ್ತೆ. ಅಕ್ಕ, ತಮ್ಮ ಕೂತ ಮೇಲೆ ಇವರಿಗೆ ಸೀಟು ಉಳಿಯುತ್ತಲೇ ಇರಲಿಲ್ಲ. ಅಕ್ಕ ಸರಿದು ಜಾಗ ಮಾಡಲು ಹೋದರೆ, “ನಾನು ನಿಂತ್ಕೊಂಡೇ ಬರ್ತೀನಿ ಬಿಡು,” ಅನ್ನುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ಈ ಕಥೆಯನ್ನು ನನಗೆ ಅಕ್ಕ ಒಂದು ಸಲ, ತಮ್ಮ ಒಂದು ಸಲ ಹೇಳಿದ್ದರು. ಇವರು ಹೇಳಲೇ ಇಲ್ಲ.

ಈಗ ಕಮಲಾ ಅತ್ತಿಗೆ ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ ನರ್ಸ್. ಉದಯ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡಿರುವ ಸಾಫ್ಟ್‌ವೇರ್ ಎಂಜಿನಿಯರ್. ನಾವು ಮಧ್ಯದಲ್ಲಿ ಅಡಿಲೇಡ್. ನಕಾಶೆಯಲ್ಲಿ ಮಾತ್ರವಲ್ಲ, ಜಗಳದಲ್ಲೂ ಮಧ್ಯದಲ್ಲೇ.

ಜಗಳವೂ ಸೀಟಿನದೇ. ಉದಯನ ಮಗ ಪ್ರಜ್ವಲನ ಮುಂಜಿಗೆ ಅತ್ತಿಗೆ ಬ್ರಿಸ್ಬೇನಿನಿಂದ ಹೊರಟ ವಿಮಾನ ತಡವಾಯಿತು. ಮುಂಜಿಯ ಹಾಲ್‌ಗೆ ಬಂದಾಗ ಮುಂದಿನ ಕುರ್ಚಿಗಳಲ್ಲೆಲ್ಲ ಉದಯನ ಆಫೀಸಿನವರು. ಸೋದರತ್ತೆ, ರೇಷ್ಮೆ ಸೀರೆಯುಟ್ಟುಕೊಂಡು, ಚಪ್ಪಲಿ ಬಿಡುವ ಜಾಗದ ಪಕ್ಕ ನಿಂತೇ ಮುಂಜಿ ನೋಡಿದರು. ನಾವೂ ಆ ದಿನ ಅಲ್ಲಿರಲಿಲ್ಲ, ನನಗೆ ಜ್ವರ. ಇವರು ಇದ್ದಿದ್ದರೆ ಒಂದು ಕುರ್ಚಿಯ ಮೇಲೆ ಟವೆಲ್ ಬಿದ್ದಿರುತ್ತಿತ್ತು, ಕಥೆಯೇ ಬೇರೆಯಾಗುತ್ತಿತ್ತು. ಅತ್ತಿಗೆ ಕೊನೆಯ ಪಂಕ್ತಿಯಲ್ಲಿ ಉಂಡು, ಅದೇ ಸಂಜೆ ವಾಪಸ್ ಹೋದರು. “ನನ್ನ ತಮ್ಮನ ಮನೇಲಿ ಇವತ್ತು ನನಗೊಂದು ಕುರ್ಚಿ ಇರಲಿಲ್ಲ,” ಅಂತ ನನಗೆ ಫೋನ್ ಮಾಡಿ ಅತ್ತರು. ನಾನು ಉದಯನನ್ನು ಕೇಳಿದರೆ, “ನಾನು ಹೋಮದ ಹೊಗೇಲಿ ಕಣ್ಣು ಬಿಡೋಕಾಗದೆ ಕೂತಿದ್ದೆ ಅತ್ತಿಗೆ. ಮನೆಯವಳೇ ನೆಂಟರ ಥರ ಕುರ್ಚಿ ಕಾಯ್ತಾಳಾ?” ಅಂದ. ಅವನ ಮಾತೂ ಸುಳ್ಳಲ್ಲ. ಆದರೆ ಅದನ್ನು ಅಕ್ಕನಿಗೆ ಹೇಳಬೇಕಾದವನು ನನಗೆ ಹೇಳಿ ಸುಮ್ಮನಾದ. ಮೂರು ವರ್ಷ ಇಬ್ಬರೂ ಮಾತಾಡಲಿಲ್ಲ. ಯುಗಾದಿ ಶುಭಾಶಯವೂ ಇವರ ಫೋನಿನ ಮೂಲಕವೇ ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು.

ಹೀಗಿರುವಾಗ ಇವರು ಒಂದು ದಿನ ಕಾಫಿ ಹೀರುತ್ತಾ, “ಈಸ್ಟರ್‌ಗೆ ಮೂರು ಮನೆಯವರೂ ಕ್ಯಾಂಪಿಂಗ್ ಹೋಗೋಣ ಕಣೇ,” ಅಂದರು.

“ಮಾತೇ ಆಡದವರನ್ನ ಬಯಲಲ್ಲಿ ಕೂರಿಸಿದ್ರೆ ಆಡ್ತಾರೇನ್ರೀ?”

“ಅಲ್ಲಿ ಸಿಗ್ನಲ್ ಇಲ್ಲ, ಬಾಗಿಲು ಹಾಕ್ಕೊಳ್ಳೋಕೆ ರೂಮಿಲ್ಲ. ಇಬ್ಬರೂ ಎಲ್ಲಿಗೆ ಹೋಗ್ತಾರೆ? ಜಾಗ ಒಂದು ಸರಿಯಾಗಿ ಸಿಕ್ಕರೆ ಮಿಕ್ಕಿದ್ದೆಲ್ಲ ತಾನಾಗೇ ಆಗತ್ತೆ.”

ಇಬ್ಬರನ್ನೂ ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ಒಪ್ಪಿದರು, ಆದರೆ ಷರತ್ತು ಹಾಕಿ. ಅತ್ತಿಗೆಗೆ ಮಂಡಿನೋವು, ಹಾಗಾಗಿ ಟಾಯ್ಲೆಟ್ ಹತ್ತಿರವಿರಬೇಕು, ದಾರಿ ಸಮನಾಗಿರಬೇಕು. ಉದಯನಿಗೆ ನಕ್ಷತ್ರದ ಗೀಳು, ಹೊಸ ಟೆಲಿಸ್ಕೋಪ್ ತರುತ್ತಾನೆ, ಹಾಗಾಗಿ ಟಾಯ್ಲೆಟ್‌ನ ದೀಪ ಕಣ್ಣಿಗೆ ಬೀಳಲೇಬಾರದು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ. ಜಗಳಕ್ಕೆಂದೇ ಹೇಳಿ ಮಾಡಿಸಿದ ಅಕ್ಕ, ತಮ್ಮ.

ಇವರು ಹೆಣ್ಣು ನೋಡಲು ಹೋಗುವವರ ಹಾಗೆ ಮೊದಲೇ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಜಾಗ ನೋಡಲು ಹೊರಟರು. ಕ್ವಾರ್ನ್ ಎಂಬ ಸಣ್ಣ ಊರು ದಾಟಿದ ಮೇಲೆ ಕಣ್ಣು ಹರಿಯುವಷ್ಟೂ ಒಣಹುಲ್ಲಿನ ಬಯಲು. ಅದರಾಚೆ ಮಳೆ ಗಾಳಿ ಕೊರೆದು ಬಿಟ್ಟ ಕೆಂಪು ಕೊರಕಲುಗಳು, ಅವುಗಳ ಹಿಂದೆ ನೀಲಿ ಗುಡ್ಡಸಾಲು. ಕುರಿ ಸಾಕುವ ಜೂಡಿ ಎಂಬ ಹೆಂಗಸು ತನ್ನ ಜಮೀನಿನಲ್ಲೇ ಡೇರೆ ಹಾಕಲು ಬಿಡುತ್ತಿದ್ದಳು. ನಂಬರಿಲ್ಲ, ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಬೇಕಾದ ಜಾಗ. ಇವರ ಮುಖ ಅರಳಿತು.

ಮೊದಲು ಕಣ್ಣಿಗೆ ಬಿದ್ದದ್ದು ಒಣಗಿದ ಹಳ್ಳದ ದಡದ ದೊಡ್ಡ ನೀಲಗಿರಿ ಮರ. ನಾವೆಲ್ಲ ಚಿಕ್ಕಂದಿನಿಂದ ಬುತ್ತಿ ಬಿಚ್ಚಿದ್ದೇ ಇಂಥ ಕಡೆ. “ಇದೇ,” ಅಂದರು. ಜೂಡಿ ಬೇಡವೆಂದು ತಲೆಯಾಡಿಸಿದಳು. ಈ ಮರ ಗಾಳಿಯಿಲ್ಲದ ದಿನವೂ ಕೊಂಬೆ ಉದುರಿಸುತ್ತದಂತೆ, ಗುಡ್ಡದ ಮೇಲೆ ಎಲ್ಲೋ ಮಳೆ ಬಿದ್ದರೆ ಹಳ್ಳ ಇಲ್ಲಿ ಉಕ್ಕುತ್ತದಂತೆ. ಇವರು ಮರವನ್ನು ನಂಬಿಕೆಗೆಟ್ಟ ನೆಂಟನನ್ನು ನೋಡುವಂತೆ ನೋಡಿದರು. ದಿಬ್ಬದ ಮೇಲೆ ಹೋದರೆ ಗಾಳಿ ಟೋಪಿ ಹಾರಿಸಿತು. ಬಯಲಿಗೆ ಇಳಿದರೆ ನಮ್ಮೂರಿನದೇ ನೆಗ್ಗಿಲು ಮುಳ್ಳು ಚಪ್ಪಲಿಗೆ ಚುಚ್ಚಿತು. ಇಷ್ಟು ದೂರ ಬಂದರೂ ಬಿಡಲಿಲ್ಲವಲ್ಲ ಅಂತ ನನಗೆ ನಗು. ಕೊರಕಲಿನ ಅಂಚು ನೋಡಲು ಬಲು ಚೆಂದ, ಆದರೆ ಕಾಲಿಟ್ಟರೆ ಮಣ್ಣು ಜಾರುತ್ತಿತ್ತು. “ಅಕ್ಕನ ಮಂಡಿಗೆ ಆಗಲ್ಲ,” ಅಂತ ಅದನ್ನೂ ಬಿಟ್ಟರು.

ಕೊನೆಗೆ ಸಿಕ್ಕಿತು. ಗಿಡ್ಡ ಪೈನ್ ಮರಗಳ ಸಾಲಿನ ಹಿಂದೆ ಒಂದು ಸಮತಟ್ಟು. ಟಾಯ್ಲೆಟ್ ಹತ್ತಿರ, ಆದರೆ ಅದರ ದೀಪ ಮರಗಳ ಮರೆಯಲ್ಲಿ. ಎದುರಿಗೆ ಕೆಂಪು ಕೊರಕಲು. ಇವರು ಜೇಬಿನಿಂದ ನಿಂಬೆಹಣ್ಣು ತೆಗೆದು ನೆಲದ ಮೇಲಿಟ್ಟು ಉರುಳುತ್ತದಾ ನೋಡಿದರು. ಉರುಳಲಿಲ್ಲ. ಸಾಲದ್ದಕ್ಕೆ ತಾವೇ ಅಂಗಾತ ಮಲಗಿ ನೋಡಿದರು. ಜೂಡಿ ಗಾಬರಿಯಾಗಿ, “ಹುಷಾರಾಗಿದ್ದಾರಾ?” ಅಂತ ನನ್ನನ್ನು ಕೇಳಿದಳು. ಏನು ಹೇಳಲಿ? ಇಪ್ಪತ್ತು ವರ್ಷದಿಂದ ಹೀಗೇ ಅಂದೆ.

ಗುಡ್ ಫ್ರೈಡೇ ಬೆಳಗ್ಗೆ ಕತ್ತಲಿರುವಾಗಲೇ ನನ್ನನ್ನು ಎಬ್ಬಿಸಿದರು. ನಾವು ತಲುಪಿದಾಗ ಆ ಜಾಗ ಖಾಲಿಯಿತ್ತು, ಪುಣ್ಯ. ಆದರೆ ಉಳಿದವರಿಗೆ ದಾರಿ ಗೊತ್ತಿಲ್ಲ, ಫೋನ್ ಸಿಗುವುದಿಲ್ಲ. ಕ್ವಾರ್ನ್‌ನ ಸರ್ವೋ ಹತ್ತಿರ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಸೇರುವುದೆಂದು ಮಾತಾಗಿತ್ತು. ಹಿಂದಿನ ರಾತ್ರಿ ಅಡಿಲೇಡಿಗೆ ಬಂದಿಳಿದಿದ್ದ ಅತ್ತಿಗೆ ಬಾಡಿಗೆ ಕಾರಿನಲ್ಲಿ ಬರುವವರು, ಉದಯ ಪರ್ತ್‌ನಿಂದಲೇ ಮಲಗಲು ಹಾಸಿಗೆಯಿರುವ ವ್ಯಾನಿನಲ್ಲಿ.

“ನಾನಿಲ್ಲೇ ಕೂತಿರ್ತೀನಿ, ನೀವ್ ಹೋಗ್ಬನ್ನಿ,” ಅಂದೆ.

“ಒಬ್ಬಳನ್ನೇ ಬಿಟ್ಟು ಹೋಗ್ತೀನಾ? ಟವೆಲ್ ಇಲ್ವಾ?”

ಬ್ಯಾಗಿನಿಂದ ಕೆಂಪು ಅಂಚಿನ ಚೌಕುಳಿ ಟವೆಲುಗಳನ್ನು ತೆಗೆದು, ಸಮತಟ್ಟಿನ ಮೂಲೆ ಮೂಲೆಗೆ ಹಾಸಿ, ಮೇಲೊಂದೊಂದು ಕಲ್ಲಿಟ್ಟರು. ನನಗೂ ಅನುಮಾನ ಬರಲಿಲ್ಲ. ಅಡಿಲೇಡಿನ ಕನ್ನಡ ಸಂಘದ ಪಿಕ್ನಿಕ್‌ಗಳಲ್ಲಿ ಬಾರ್ಬೆಕ್ಯೂ ಒಲೆಯ ಪಕ್ಕದ ಮೇಜನ್ನು ಇವರು ಹೀಗೇ ಹಿಡಿಯುತ್ತಿದ್ದರು, ಯಾರೂ ಮುಟ್ಟುತ್ತಿರಲಿಲ್ಲ. ಅಲ್ಲಿ ಬರುವವರೆಲ್ಲ ನಮ್ಮವರು, ಟವೆಲ್ಲಿನ ಭಾಷೆ ಬಲ್ಲವರು ಅನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಸರ್ವೋದಲ್ಲಿ ಅತ್ತಿಗೆ, ಅವರ ಯಜಮಾನರು ವಸಂತಕುಮಾರ್ ಭಾವ ಸಿಕ್ಕರು. ಉದಯನ ಸುಳಿವಿಲ್ಲ. ಕಾದು ಕಾದು ಸಾಕಾಗಿ, ಸರ್ವೋದವನಿಗೆ ದಾರಿ ಹೇಳಿಟ್ಟು ಹೊರಟೆವು. ವಾಪಸ್ ಬಂದು ನೋಡಿದರೆ ನಮ್ಮ ಜಾಗದಲ್ಲಿ ಒಂದು ದೊಡ್ಡ ಬಿಳಿಯ ಕ್ಯಾರವಾನ್. ವಯಸ್ಸಾದ ದಂಪತಿ ಟೀ ಕುಡಿಯುತ್ತಾ ಕೂತಿದ್ದರು. ಟವೆಲುಗಳಿಲ್ಲ.

“ಓ, ಅದು ನಿಮ್ಮದಾ?” ಅಂತ ಆ ಮುದುಕ ಎದ್ದು ಬಂದ. “ಯಾರದೋ ಒಗೆದ ಬಟ್ಟೆ ಬಿಟ್ಟುಹೋಗಿದ್ದಾರೆ ಅಂದ್ಕೊಂಡು ಜೂಡಿಗೆ ಕೊಟ್ಟುಬಂದೆ. ತುಂಬಾ ಚೆನ್ನಾಗಿ ಮಡಿಸಿ ಕೊಟ್ಟಿದ್ದೀನಿ.”

ಜೀವನದಲ್ಲಿ ಮೊದಲ ಸಲ ಇವರ ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂತಿದ್ದರು. ಮುದುಕನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನು ಬಿಸ್ಕತ್ತಿನ ತಟ್ಟೆ ಬೇರೆ ಮುಂದೆ ಹಿಡಿದಿದ್ದ. ನಾನೊಂದು ತೊಗೊಂಡೆ.

ಅತ್ತಿಗೆ ಕಾರಿನಿಂದ ಇಳಿದು, ಮಂಡಿ ಹಿಡಿದುಕೊಂಡು ಸುತ್ತ ನೋಡಿದರು. ಎಲ್ಲ ಕಡೆ ಡೇರೆ, ಎಲ್ಲ ಕಡೆ ಗಾಡಿ. “ಏನೋ ಸೋಮು, ಇಲ್ಲೂ ನನಗೆ ಸೀಟಿಲ್ವಾ?” ಅಂದರು, ನಗುತ್ತಾ. ನಗು ತುಟಿಯಲ್ಲಿ ಮಾತ್ರ ಇತ್ತು. ಇವರ ಮುಖ ನೋಡಲಾರದೆ ನಾನು ಬೇರೆ ಕಡೆ ತಿರುಗಿದೆ.

ಟವೆಲನ್ನಾದರೂ ತರೋಣವೆಂದು ಜೂಡಿಯ ಮನೆಗೆ ಹೋದೆವು. ಅವಳು ಅವನ್ನು ಬೇಲಿಯ ಮೇಲೆ ಹಾಕಿದ್ದಳಂತೆ, ಆದರೆ ಬೇಲಿ ಖಾಲಿ. “ಒಬ್ಬ ಬಂದು, ಇದು ನಮ್ಮಣ್ಣಂದು ಅಂತ ತೊಗೊಂಡು ಹೋದ,” ಅಂದಳು. “ಗುರುತೇನು ಅಂತ ಕೇಳಿದೆ. ಅವನು ನಗೋಕೆ ಶುರು ಮಾಡಿದ. ಆಮೇಲೆ ಕಣ್ಣೊರೆಸಿಕೊಂಡ. ನನಗೇನೂ ಅರ್ಥವಾಗಲಿಲ್ಲ.”

ಉದಯ. ಹೆಂಡತಿ ಮಗನ ಜೊತೆ ಬೇರೆ ದಾರಿ ಹಿಡಿದು, ಜೂಡಿಯ ಜಮೀನು ಎಲ್ಲಿ ಅಂತ ಅವರಿವರನ್ನು ಕೇಳಿಕೊಂಡು ನೇರ ಇಲ್ಲಿಗೇ ಬಂದುಬಿಟ್ಟಿದ್ದ. ಜೂಡಿ ತೋರಿಸಿದ ಕಡೆ ಹೋದೆವು. ಟಾಯ್ಲೆಟ್‌ನ ಎದುರಿಗೇ, ಸಿಮೆಂಟಿನ ಕಾಲುದಾರಿಗೆ ಅಂಟಿಕೊಂಡಂತೆ ಅವನ ವ್ಯಾನು ನಿಂತಿತ್ತು. ದೀಪದ ಕಂಬ ನೆತ್ತಿಯ ಮೇಲೇ. ನಕ್ಷತ್ರ ನೋಡುವವನು ಯಾವನೂ ಆರಿಸುವ ಜಾಗವಲ್ಲ ಅದು. ಪಕ್ಕದಲ್ಲಿ ನಮ್ಮ ಡೇರೆಗಳಿಗೆ ಅಗಲಕ್ಕೆ ನೆಲ ಬಿಟ್ಟು ಟವೆಲ್ ಹಾಸಿದ್ದ. ನಡುವೆ ಮಡಿಸುವ ಕುರ್ಚಿಗಳು, ಗ್ಯಾಸ್ ಒಲೆಯ ಮೇಲೆ ಟೀ. ಬೆನ್ನಿಗೆ ದಿಂಬಿಟ್ಟಿದ್ದ ಒಂದು ಕುರ್ಚಿಯ ಮೇಲೆ ಚೌಕುಳಿ ಟವೆಲ್ ಹರಡಿತ್ತು.

ಉದಯ ಎದ್ದು ನಿಂತ. ಮೂರು ವರ್ಷದಲ್ಲಿ ಕೂದಲು ಅರ್ಧ ಹೋಗಿತ್ತು. ಏನೋ ದೊಡ್ಡದಾಗಿ ಹೇಳಬೇಕೆಂದುಕೊಂಡಿದ್ದನೋ ಏನೋ, ಬಾಯಿಂದ ಬಂದದ್ದು ಇಷ್ಟೇ:

“ಅಕ್ಕಾ, ಬಾ. ಸೀಟ್ ಹಿಡ್ದಿದ್ದೀನಿ.”

ಅತ್ತಿಗೆ ಅಲ್ಲೇ ನಿಂತರು. ಕಂಬ ನೋಡಿದರು, ಟಾಯ್ಲೆಟ್ ನೋಡಿದರು, ತಮ್ಮನನ್ನು ನೋಡಿದರು. “ಅಯ್ಯೋ ಪೆದ್ದೇ, ಈ ಬೆಳಕಲ್ಲಿ ನಿನಗೆ ಯಾವ ನಕ್ಷತ್ರ ಕಾಣತ್ತೋ?”

“ನಕ್ಷತ್ರ ಎಲ್ಲಿಗೂ ಹೋಗಲ್ಲಕ್ಕ. ನಿನ್ನ ಮಂಡಿ ಹೇಗಿದೆ?”

ಅಷ್ಟು ಸಾಕಾಯಿತು. ಇಬ್ಬರೂ ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನಿದೆ? ವಸಂತಕುಮಾರ್ ಭಾವ ಕೆಮ್ಮುತ್ತಾ ಟೀ ಕಡೆ ಹೋದರು. ಪ್ರಜ್ವಲ ಮಾತ್ರ, “ವೈ ಇಸ್ ಎವರಿವನ್ ಕ್ರೈಯಿಂಗ್ ಅಬೌಟ್ ಅ ಚೇರ್?” ಅಂತ ಅಮ್ಮನನ್ನು ಕೇಳಿ ಬೈಸಿಕೊಂಡ.

ಅತ್ತಿಗೆ ಕೂತರು. ಕೂತವರು ತಮ್ಮ ಶಾಲನ್ನು ತೆಗೆದು ಪಕ್ಕದ ಕುರ್ಚಿಗೆ ಹಾಕಿದರು. ಅಲ್ಲಿ ಕೂರಲು ಹೋದ ಸ್ವಂತ ಗಂಡನನ್ನೇ, “ರೀ, ಅದು ಉದಯಂದು,” ಅಂತ ಎಬ್ಬಿಸಿದರು. ಆಮೇಲೆ ಅಕ್ಕ ತಮ್ಮ ಇಬ್ಬರೂ ಬಾಯಿ ಮುಚ್ಚಲಿಲ್ಲ. ಮೂರು ವರ್ಷದ ಬಾಕಿ ಮಾತು ಒಂದೇ ಸಂಜೆಗೆ ಮುಗಿಸುವವರ ಹಾಗೆ. ಕೊರಕಲುಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು, ಬಯಲಲ್ಲಿ ಕಾಂಗರೂಗಳು ಮೇಯುತ್ತಿದ್ದವು, ಅವರಿಬ್ಬರೂ ನಂಜನಗೂಡಿನ ಬಸ್ಸಿನ ಕಂಡಕ್ಟರನ ಹೆಸರು ನೆನಪು ಮಾಡಿಕೊಳ್ಳುತ್ತಾ ಜಗಳವಾಡುತ್ತಿದ್ದರು.

ಆಗ ನೋಡಿದೆ, ಕುರ್ಚಿಗಳೆಲ್ಲ ಭರ್ತಿ. ಇವರು ದೀಪದ ಕಂಬಕ್ಕೆ ಒರಗಿ, ಟೀ ಲೋಟ ಹಿಡಿದು ನಿಂತಿದ್ದರು. ಇವರು ಅಷ್ಟು ಕಷ್ಟಪಟ್ಟು ಆರಿಸಿದ ಜಾಗದಲ್ಲಿ ಯಾರೋ ಇದ್ದರು. ಇವರ ಮುಖದಲ್ಲಿ ಮಾತ್ರ, ಬಸ್ಸು ಹೊರಟ ಮೇಲೆ ಎಲ್ಲರೂ ಹತ್ತಿದ್ದಾರೆಂದು ತಿರುಗಿ ನೋಡಿ ಖಾತ್ರಿ ಮಾಡಿಕೊಂಡವರ ನೆಮ್ಮದಿ.

“ಬನ್ರೀ, ನಾನು ಏಳ್ತೀನಿ, ನೀವ್ ಕೂತ್ಕೊಳ್ಳಿ,” ಅಂದೆ.

“ಬೇಡ ಕಣೇ,” ಅಂದರು. “ನಾನು ನಿಂತ್ಕೊಂಡೇ ಬರ್ತೀನಿ ಬಿಡು.”