ಕುರ್ಚಿಗೆ ಕಟ್ಟಿದ ಕೆಂಪು-ಬಿಳಿ ದಾರ

ಒದ್ದೆ ಉಣ್ಣೆಯ ವಾಸನೆ ಎಂದರೆ ಝಿವ್ಕಾ ಅವರಿಗೆ ಅಜ್ಜಿಯ ಮಡಿಲು. ಒಲೆಯ ಮೇಲೆ ಹಬೆಯಾಡುವ ಬಣ್ಣದ ಹಂಡೆ, ಅಜ್ಜಿಯ ಕೆಂಪಾದ ಬೆರಳು. ಐವತ್ತು ವರ್ಷ ಕಳೆದರೂ ಆ ವಾಸನೆ ಹಾಗೇ ಇದೆ. ಈ ಮಾರ್ಚಿನಲ್ಲಿ ಅವರನ್ನು ಎಡವಿಸಿದ್ದೂ ಅದೇ.

ಬೆಳಗಿನ ಆರು ಗಂಟೆ. ಬಲ್ಗೇರಿಯಾದ ಬೆಟ್ಟದ ಮಗ್ಗುಲಿನ ಈ ಪುಟ್ಟ ಊರಿನಲ್ಲಿ ಶಾಲೆಯ ಬೀಗ ತೆಗೆಯುವುದು ಆಯಾ ಝಿವ್ಕಾ. ಒಲೆಗೆ ಸೌದೆ ಹಾಕುತ್ತಾರೆ, ಆರು ಕೊಠಡಿ ಗುಡಿಸುತ್ತಾರೆ. ಆಮೇಲೆ ಎರಡನೇ ತರಗತಿಯ ಕಿಟಕಿ ಬಳಿಯ ಮೇಜಿನ ಮೇಲೆ ಹನ್ನೊಂದು ಚಿತ್ರ ಸಾಲಾಗಿ ಅಂಟಿಸುತ್ತಾರೆ: ಕೋಟು, ಕುರ್ಚಿ, ಲೆಕ್ಕ, ನೀರು, ಊಟ... ಕೊನೆಗೆ ಮನೆ. ಎಲ್ಲವೂ ಅವರೇ ಬಿಡಿಸಿದವು. ಯಾರೂ ಹೇಳಿದ್ದಲ್ಲ, ಸಂಬಳಕ್ಕೆ ಸೇರಿದ ಕೆಲಸವೂ ಅಲ್ಲ.

ಆ ಮೇಜು ಎಂಟು ವರ್ಷದ ನೆವೆನಾಳದು. ಆಟಿಸಂ ಇರುವ ಹುಡುಗಿ, ಮಾತು ಕಡಿಮೆ. ಮುಂದೇನು ಎಂದು ತಿಳಿಯದಿದ್ದರೆ ಮೇಜಿನಡಿ ಸೇರಿಬಿಡುತ್ತಿದ್ದಳು. ಈಗ ಒಂದೊಂದು ಕೆಲಸ ಮುಗಿದಾಗಲೂ ಆ ಚಿತ್ರ ಕಿತ್ತು ಡಬ್ಬಿಗೆ ಹಾಕುತ್ತಾಳೆ. "ಬೋರ್ಡಿಲ್ಲದ ಬಸ್ಸು ನಾನೂ ಹತ್ತಲ್ಲ. ಅವಳಿಗೂ ಒಂದು ಬೋರ್ಡು ಬೇಕಿತ್ತು, ಅಷ್ಟೇ," ಎನ್ನುತ್ತಾರೆ ಝಿವ್ಕಾ. ಅದನ್ನು ನೋಡಿಯೇ ಶಿಕ್ಷಕಿ ದೊಬ್ರೆವಾ ಪಾಠಗಳನ್ನೂ ಚಿಕ್ಕ ಚಿಕ್ಕ ತುಂಡು ಮಾಡಿಕೊಂಡಿದ್ದಾರೆ.

ಮಾರ್ಚ್ ಒಂದರಂದು, ವಸಂತದ ಶುಭಕ್ಕೆಂದು, ಊರಿಗೆ ಊರೇ ಮಣಿಕಟ್ಟಿಗೆ ಕೆಂಪು-ಬಿಳಿ ದಾರ ಕಟ್ಟಿಕೊಳ್ಳುತ್ತದೆ. ವಲಸೆಯಿಂದ ಮರಳುವ ಮೊದಲ ಕೊಕ್ಕರೆ ಕಾಣುವವರೆಗೆ ಬಿಚ್ಚುವಂತಿಲ್ಲ. ಝಿವ್ಕಾ ಅಜ್ಜಿಯಂತೆಯೇ ಉಣ್ಣೆ ನೂತು, ಬಣ್ಣ ಹಾಕಿ, ನೆವೆನಾಳಿಗೂ ಅಕ್ಕರೆಯಿಂದ ಕಟ್ಟಿದರು. ಹುಡುಗಿ ಚೀರಿದಳು. ರಕ್ತ ಬರುವಂತೆ ಕೈ ಕೆರೆದುಕೊಂಡಳು. ಒಂಬತ್ತು ದಿನ ಶಾಲೆಗೇ ಬರಲಿಲ್ಲ. ಅವಳು ಇಲ್ಲೇ ಓದಬಹುದೋ, ದೂರದ ನಗರದ ವಸತಿಶಾಲೆಗೆ ಹೋಗಬೇಕೋ ಎಂದು ತೀರ್ಮಾನಿಸುವ ಸಮಿತಿ ಅದೇ ತಿಂಗಳ ಕೊನೆಗೆ ಬರುವುದಿತ್ತು.

"ನಮ್ಮಜ್ಜಿ ಉಣ್ಣೆ ನಂಗೆ ಹಿತ. ಆ ಮಗೂಗೆ ಚುಚ್ಚುತ್ತೆ, ನಾರುತ್ತೆ ಅಂತ ಹೊಳೀಲೇ ಇಲ್ಲ. ಪೆದ್ದು ನಾನು."

ಒಂಬತ್ತನೇ ದಿನ ಸಂಜೆ ಅವರು ನೆವೆನಾಳ ತಾತ ಮೆತೋದಿಯ ಬಾಗಿಲು ತಟ್ಟಿದರು.

"ಇನ್ನೇನು ಕಟ್ಟೋಕೆ ಬಂದೆ, ಹಗ್ಗಾನಾ?" ಎಂದ ಮುದುಕ.

"ಹಗ್ಗ ನಿನ್ನ ಬಾಯಿಗೆ, ಮಾವ. ಅವಳಿಗೆ ಚಿತ್ರ ತಂದಿದ್ದೀನಿ."

ಚಿತ್ರದಲ್ಲಿ ನೆವೆನಾಳ ಕುರ್ಚಿ, ಅದರ ಕಾಲಿಗೆ ನಯವಾದ ಹತ್ತಿಯ ಕೆಂಪು-ಬಿಳಿ ದಾರ. ಪಕ್ಕದಲ್ಲಿ ಅವಳ ಕೈ, ಬರಿಗೈ. ಹುಡುಗಿ ತುಂಬ ಹೊತ್ತು ನೋಡಿದಳು. ಮರುದಿನ ಬಂದಳು; ಚಿತ್ರದಲ್ಲಿದ್ದಂತೆಯೇ ಕುರ್ಚಿಯ ಕಾಲಿಗೆ ದಾರ ಕಟ್ಟಿತ್ತು. ಅದೇ ವಾರ ಉಳಿದ ಹದಿನಾರು ಮಕ್ಕಳೂ ಒಂದೊಂದು ದಾರ ತಂದು ತಂತಮ್ಮ ಕುರ್ಚಿಗೂ ಕಟ್ಟಿದರು. ಕುರ್ಚಿಗಳಿಗೆ ಬೇಜಾರಾಗಬಾರದಂತೆ.

ಸಮಿತಿಯ ಎದುರು ನೆವೆನಾ ಹನ್ನೊಂದೂ ಚಿತ್ರ ಮುಗಿಸಿದಳು. "ಇದನ್ನೆಲ್ಲ ರೂಪಿಸಿದ ತಜ್ಞರು ಯಾರು?" ಎಂದು ಸಮಿತಿಯವರು ಕೇಳಿದರು. ದೊಬ್ರೆವಾ, ಬಕೆಟ್ ಹಿಡಿದು ಹೋಗುತ್ತಿದ್ದ ಝಿವ್ಕಾರನ್ನು ತೋರಿಸಿದರು. ಕೊನೆಗೆ ತೀರ್ಮಾನವಾಯಿತು: ನೆವೆನಾ ಇಲ್ಲೇ ಓದುತ್ತಾಳೆ.

"ತಜ್ಞೆಯಂತೆ! ನನ್ನ ಬಕೆಟ್ಟೂ ನಕ್ಕಿರಬೇಕು." ಹೇಳುವಾಗ ಬೆನ್ನು ಮಾತ್ರ ತಾನಾಗಿ ನೆಟ್ಟಗಾಗುತ್ತದೆ. "ಮುಂದಿನ ವರ್ಷ ಮೂರನೇ ಕ್ಲಾಸು, ಬೇರೆ ಕೊಠಡಿ. ಬೇಸಿಗೆಯೊಳಗೆ ಅದನ್ನೂ ಬಿಡಿಸಿ ತೋರಿಸಿಬಿಟ್ರೆ ಸಾಕು ನಂಗೆ."

ಮಧ್ಯಾಹ್ನ. ಯಾರೋ ಚೆಲ್ಲಿದ ಸೂಪು ಒರೆಸುತ್ತಿರುವ ಝಿವ್ಕಾ ಇನ್ನೂ ಉಂಡಿಲ್ಲ. ನೆವೆನಾ ಊಟದ ಚಿತ್ರ ಕೀಳುತ್ತಾಳೆ. ಡಬ್ಬಿಗೆ ಹಾಕುವುದಿಲ್ಲ, ತಂದು ಝಿವ್ಕಾರ ಏಪ್ರನ್ನಿಗೆ ಒತ್ತಿ ಅಂಟಿಸುತ್ತಾಳೆ. ತನ್ನ ಬ್ರೆಡ್ಡನ್ನು ಮುರಿದು, ಬಿಳಿ ಚೀಸಿನ ದೊಡ್ಡ ತುಂಡಿಟ್ಟು, ಅವರ ಒದ್ದೆ ಕೈಗೆ ಕೊಟ್ಟು, ತನ್ನ ಕುರ್ಚಿಗೆ ಮರಳುತ್ತಾಳೆ.